ಸುಗ್ಗಿಯಿಂದ ಹಿಂದಕ್ಕೆ ಎಣಿಸಿ

ಪ್ರಶ್ನೆ: ನಮ್ಮದು ಮಾನ್ವಿ. ಮಾವನವರು, ಭಾವನವರು, ನನ್ನ ಯಜಮಾನರು ಎಲ್ಲ ಕೂಡಿಯೇ ಇದ್ದೇವೆ. ಕಾಲುವೆ ನೀರಿನ ಹೊಲ ಇದೆ, ಭಾವನವರದು ಭತ್ತದ ದಲಾಲಿ ಅಂಗಡಿ. ನಾನು ಬಿ.ಕಾಂ. ಓದಿದವಳು, ಅಂಗಡಿಯ ಲೆಕ್ಕ ಬರೆಯುವುದು ನಾನೇ. ಸಿಂಧನೂರು ರಸ್ತೆಯಲ್ಲಿ ನಮ್ಮದೇ ನಾಲ್ಕು ಎಕರೆ ಎರೆ ಹೊಲ ಇದೆ. ಅಲ್ಲಿ ತಾಸಿಗೆ ನಾಲ್ಕು ಟನ್ ಭತ್ತ ಅರೆಯುವ ರೈಸ್ ಮಿಲ್ ಕಟ್ಟುವುದೆಂದು ಮನೆಯಲ್ಲಿ ನಿರ್ಧಾರವಾಗಿದೆ. ಅಕ್ಷಯ ತದಿಗೆಗೆ ಪಾಯ ತೆಗೆದು ದೀಪಾವಳಿಗೆ ಮಿಲ್ ಚಾಲೂ ಮಾಡಬೇಕು ಎನ್ನುತ್ತಾರೆ. ಯುಗಾದಿಯೊಳಗೆ 25 ಲಕ್ಷ ಮುಂಗಡ ಕೊಟ್ಟರೆ ಯಂತ್ರದ ಕಂಪನಿಯವರು ರೇಟು ಇಳಿಸುತ್ತಾರಂತೆ. ಆ ಹಣಕ್ಕೆ ನನ್ನ ಮತ್ತು ನೆಗೆಣ್ಣಿಯ ಬಂಗಾರ ಅಡವಿಡುವ ಮಾತು ನಡೆದಿದೆ. ಒಟ್ಟು ಖರ್ಚು ಮೂರೂವರೆ ಕೋಟಿ ಎಂದು ಒಂದು ಹಾಳೆಯಲ್ಲಿ ಬರೆದದ್ದು ಬಿಟ್ಟರೆ ಬೇರೆ ಕಾಗದವೇ ಇಲ್ಲ. "ಮಣ್ಣು ಪರೀಕ್ಷೆ ಮಾಡಿಸಬೇಕಲ್ಲ? ಪರವಾನಗಿ ಯಾವಾಗ?" ಎಂದು ಕೇಳಿದ್ದಕ್ಕೆ, "ಇನ್ನ ಸುರುನೇ ಆಗಿಲ್ಲ, ಆಗಲೇ ಅಪಶಕುನ ನುಡೀತೀಯಲ್ಲ" ಅಂದರು ಮಾವನವರು. ಅಂದಿನಿಂದ ಸುಮ್ಮನಿದ್ದೇನೆ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ. ನನ್ನ ಹೆದರಿಕೆ ತಪ್ಪೇ?
– ಹೆಸರು ಬೇಡ, ಮಾನ್ವಿ

ಉತ್ತರ: ತಂಗಿ, ನಿಮ್ಮ ಹೆದರಿಕೆ ತಪ್ಪಲ್ಲ. ಮನೆಯಲ್ಲಿ ಇದುವರೆಗೆ ಕೇಳಬೇಕಾಗಿದ್ದ ಎರಡು ಮುಖ್ಯ ಪ್ರಶ್ನೆಗಳನ್ನು ಕೇಳಿದವರು ನೀವೊಬ್ಬರೇ. ಮಾವನವರ ಮಾತಿಗೆ ನೊಂದುಕೊಳ್ಳಬೇಡಿ. ಹೊಸ ಕೆಲಸಕ್ಕೆ ಕೈಹಾಕುವಾಗ ಹಿರಿಯರಿಗೂ ಒಳಗೊಳಗೆ ಅಂಜಿಕೆ ಇರುತ್ತದೆ. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಸಿಟ್ಟು ಬರುತ್ತದೆ. ಅವರು ಮಿಲ್ ಕಟ್ಟುವುದು ಬೇಡ ಎಂದು ನಾನು ಹೇಳುವುದಿಲ್ಲ. ಭತ್ತ ಬೆಳೆಯುವ ತಾಲ್ಲೂಕಿನಲ್ಲಿ, ಭತ್ತದ ವ್ಯಾಪಾರ ಬಲ್ಲ ಮನೆತನ ಮಿಲ್ ಕಟ್ಟಲು ಹೊರಡುವುದು ಯೋಗ್ಯ ವಿಚಾರ. ಹೊರಟ ಕ್ರಮ ಮಾತ್ರ ತಿರುವುಮುರುವಾಗಿದೆ. ಯಂತ್ರದ ಮುಂಗಡ ಮೊದಲು, ಪಾಯ ಆಮೇಲೆ, ಮಣ್ಣು ಪರೀಕ್ಷೆ ಮತ್ತು ಪರವಾನಗಿ ಕೊನೆಗೆ ಎಂಬಂತೆ ಅವರ ಯೋಜನೆ ಇದೆ. ಅದನ್ನು ಪೂರ್ತಿ ಮಗುಚಿ ಹಾಕಬೇಕು.

ಮೊದಲು ಮಣ್ಣಿನ ಮಾತು. ನಿಮ್ಮದು ಎರೆ ಹೊಲ ಎಂದಿರಿ. ಬೇಸಿಗೆಯಲ್ಲಿ ಎರೆ ನೆಲ ಬಿರಿದು ಕೈ ಇಳಿಯುವಷ್ಟು ಸೀಳು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಸೀಳು ಮುಚ್ಚಿಕೊಳ್ಳುತ್ತದೆ. ಬೆಳೆಗೆ ಇದು ವರ. ನೀರು ಹಿಡಿದಿಟ್ಟುಕೊಂಡು ಜೋಳ, ಕಡಲೆ, ಹತ್ತಿಯನ್ನು ಬೆಳೆಸುವುದೇ ಈ ಗುಣ. ಆದರೆ ಅದರ ಮೇಲೆ ಗೋಡೆ ಕೂಡಿಸಿದರೆ ವರ್ಷಕ್ಕೊಮ್ಮೆ ಎತ್ತಿ ಒಮ್ಮೆ ಇಳಿಸುತ್ತದೆ. ಮಾನ್ವಿ, ಸಿರವಾರ, ದೇವದುರ್ಗ ಕಡೆಯ ಎಷ್ಟೋ ಕಾಂಪೌಂಡ್ ಗೋಡೆಗಳಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡುವ ಸೀಳನ್ನು ನಿಮ್ಮ ಮಾವನವರೂ ನೋಡಿರುತ್ತಾರೆ. ಮನೆಯಾದರೆ ಸಿಮೆಂಟು ಮೆತ್ತಿ ದಿನ ದೂಡಬಹುದು. ಮಿಲ್ಲಿನಲ್ಲಿ ಹಾಗಲ್ಲ. ಎಲಿವೇಟರಿನ ಕಂಬ ಒಂದು ಬೆರಳು ವಾಲಿದರೆ ಬೆಲ್ಟು ಒಂದು ಕಡೆಗೆ ಸರಿಯುತ್ತದೆ, ಬಕೆಟ್‌ಗಳು ತಗಡಿಗೆ ಉಜ್ಜುತ್ತವೆ, ಶಾಫ್ಟಿನ ಬೇರಿಂಗ್ ಸುಡುತ್ತದೆ. ಸುಗ್ಗಿಯ ನಡುವೆ ಮಿಲ್ ನಿಲ್ಲುತ್ತದೆ.

ಅಕ್ಷಯ ತದಿಗೆಯ ಹೊತ್ತಿಗೆ ಎರೆ ನೆಲ ವರ್ಷದಲ್ಲೇ ಅತಿ ಹೆಚ್ಚು ಒಣಗಿರುತ್ತದೆ. ಆಗ ಪಾಯ ಕಟ್ಟಿ ಮೇಲೆ ನೆಲಹಾಸು ಹಾಕಿದರೆ, ಮಳೆಗಾಲದಲ್ಲಿ ತೇವ ಒಳಕ್ಕೆ ನುಗ್ಗಿ ಮಣ್ಣು ಉಬ್ಬುವ ಪ್ರಮಾಣವೂ ಹೆಚ್ಚು. ಇದನ್ನು ತಡೆಯುವ ದಾರಿಗಳು ನಮ್ಮ ದೇಶದಲ್ಲೇ ಹುಟ್ಟಿವೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಅಂಡರ್‌ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬವನ್ನು ರೂಪಿಸಿತು. ಮೇಲೆ ಸಪೂರ, ಬುಡದ ಹತ್ತಿರ ಗಡ್ಡೆಯ ಹಾಗೆ ಎರಡೂವರೆ ಪಟ್ಟು ದಪ್ಪ. ಉಬ್ಬುವ ಪದರವನ್ನು ದಾಟಿ, ತೇವ ಹೆಚ್ಚು ಕಡಿಮೆಯಾಗದ ಆಳದಲ್ಲಿ ಅದು ಕಚ್ಚಿ ನಿಲ್ಲುತ್ತದೆ. ಎರೆ ಆಳವಾಗಿದ್ದಲ್ಲಿ ಇಂಥ ಕಂಬ ಕನಿಷ್ಠ 3.5 ಮೀಟರ್ ಉದ್ದ ಇರಲೇಬೇಕು ಎಂದು ಭಾರತೀಯ ಮಾನಕ ಐಎಸ್ 2911 ಹೇಳುತ್ತದೆ. ಕಂಬಗಳ ನೆತ್ತಿಯನ್ನು ಕೂಡಿಸುವ ಬೀಮು ಮಣ್ಣಿಗೆ ತಾಗಬಾರದು. ಅಡಿಯಲ್ಲಿ ನಾಲ್ಕು ಬೆರಳಿನಷ್ಟು ಸಂದು ಬಿಟ್ಟರೆ ಮಣ್ಣು ಉಬ್ಬಿದರೂ ಬೀಮನ್ನು ಎತ್ತುವುದಿಲ್ಲ. ಇನ್ನೊಂದು ದಾರಿ, ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು ತೋರಿಸಿದ್ದು. ಎರೆಯನ್ನು ತೆಗೆದು, ಉಬ್ಬದ ಅಂಟುಮಣ್ಣಿನ ಪದರವನ್ನು ಹಾಸಿ ದಮ್ಮಸು ಮಾಡಿದರೆ ಕೆಳಗಿನ ಎರೆಯ ಉಬ್ಬುವಿಕೆ ಅಡಗುತ್ತದೆ. ನಮ್ಮದೇ ಉತ್ತರ ಕರ್ನಾಟಕದ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಇದು ಬಳಕೆಯಾಯಿತು. ಗೋಡೌನಿನ ನೆಲಕ್ಕೆ, ಒಣಗಿಸುವ ಅಂಗಳಕ್ಕೆ, ಲಾರಿ ಓಡಾಡುವ ಜಾಗಕ್ಕೆ ಈ ವಿಧಾನ ಒಪ್ಪುತ್ತದೆ. ಒಳ್ಳೆಯ ಗರಸು ಸಿಗುವ ಜಾಗವನ್ನು ಈಗಲೇ ನೋಡಿಕೊಳ್ಳಿ, ಅದೂ ಉಬ್ಬದ ಮಣ್ಣೇ ಎಂದು ಪರೀಕ್ಷೆ ಮಾಡಿಸಿಯೇ ತನ್ನಿ.

ಇವೆರಡರಲ್ಲಿ ನಿಮಗೆ ಯಾವುದು ಬೇಕು, ಅಥವಾ ಎರಡೂ ಬೇಡವೇ ಎಂಬುದನ್ನು ನಿಮ್ಮ ಹೊಲವೇ ಹೇಳಬೇಕು. ನಮ್ಮ ಸೀಮೆಯಲ್ಲಿ ಒಂದು ಕಡೆ ಆರೇಳು ಅಡಿಗೇ ಎರೆ ಮುಗಿದು ಗರಸು ಸಿಗುತ್ತದೆ, ಕೂಗಳತೆಯಲ್ಲಿ ಇನ್ನೊಂದು ಕಡೆ ಆಳಕ್ಕೆ ಹೋದರೂ ಎರೆಯೇ ಇರುತ್ತದೆ. ಗರಸು ಮೇಲೆಯೇ ಇದ್ದರೆ ಪೈಲ್ ಗೊಡವೆಯಿಲ್ಲ, ಪಾಯವನ್ನು ಅಲ್ಲಿಗೆ ಇಳಿಸಿದರಾಯಿತು. ಲಕ್ಷಗಟ್ಟಲೆ ಉಳಿಯುತ್ತದೆ. ಪಕ್ಕದ ಹೊಲದಲ್ಲಿ ಹಳೆಯ ತೆರೆದ ಬಾವಿ ಇದ್ದರೆ ಒಮ್ಮೆ ಮಾವನವರನ್ನು ಕರೆದುಕೊಂಡು ಹೋಗಿ ಅದರ ಗೋಡೆಯ ಪದರಗಳನ್ನು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮನೆಯಲ್ಲಿ ಎಲ್ಲರೆದುರು ಮಾಡಬಹುದಾದ ಒಂದು ಪರೀಕ್ಷೆಯೂ ಇದೆ, ಐಎಸ್ 2720ರಲ್ಲಿ ಇರುವಂಥದು. ಹೊಲದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಹಿಡಿದು ಹತ್ತತ್ತು ಗ್ರಾಂ ತೂಗಿಕೊಳ್ಳಿ. ಗೆರೆ ಇರುವ ಎರಡು ಗಾಜಿನ ಅಳತೆ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಡ್ಡಿಯಿಂದ ಕಲಕಿ ಗಾಳಿ ಬಿಡಿಸಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನ ಕೊಳವೆಯ ಮಣ್ಣು ಸೀಮೆಎಣ್ಣೆಯದಕ್ಕಿಂತ ಒಂದೂವರೆ ಪಟ್ಟು ದಾಟಿ ನಿಂತಿತೋ, ಆ ನೆಲದ ಮೇಲೆ ಸಾದಾ ಪಾಯ ಬೇಡವೇ ಬೇಡ. ನೀವು ಬಾಯಲ್ಲಿ ಹೇಳಿದರೆ ಅಪಶಕುನವಾಗಿ ಕಂಡದ್ದನ್ನು ಕೊಳವೆ ತೋರಿಸಿದರೆ ಯಾರೂ ಹಾಗೆನ್ನಲಾರರು. ಆದರೆ ಇದು ಮನೆಯವರ ಮನಸ್ಸು ತಿರುಗಿಸಲಿಕ್ಕೆ ಅಷ್ಟೇ. ವಿನ್ಯಾಸಕ್ಕೆ ಬೋರ್ ಹೊಡೆಸಿ, ಬೇರೆ ಬೇರೆ ಆಳದ ಮಣ್ಣು ತೆಗೆಸಿ, ಪ್ರಯೋಗಾಲಯದ ವರದಿ ಪಡೆಯಲೇಬೇಕು. ಮೂರೂವರೆ ಕೋಟಿಯ ಯೋಜನೆಯಲ್ಲಿ ಇದಕ್ಕೆ ನೂರಕ್ಕೆ ಅರ್ಧ ರೂಪಾಯಿಯೂ ಆಗುವುದಿಲ್ಲ.

ಇನ್ನು ದಿನ, ತಿಂಗಳ ಲೆಕ್ಕ. ಮಿಲ್ಲಿಗೆ ಒಂದೇ ಮುಹೂರ್ತ, ಮುಂಗಾರಿ ಭತ್ತ ಕಣಕ್ಕೆ ಬರುವ ನವೆಂಬರ್. ಅದನ್ನು ಮೊದಲು ಗೋಡೆಯ ಮೇಲೆ ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ನವೆಂಬರಿನಲ್ಲಿ ಭತ್ತ ಅರೆಯಬೇಕಾದರೆ ಅಕ್ಟೋಬರ್ ಪೂರ್ತಿ ಖಾಲಿ ಓಟಕ್ಕೆ, ಸಣ್ಣಪುಟ್ಟ ದುರಸ್ತಿಗೆ ಬೇಕು. ಯಂತ್ರ ಜೋಡಿಸಲು ಅದರ ಹಿಂದಿನ ಮೂರು ನಾಲ್ಕು ತಿಂಗಳು, ಅಂದರೆ ಪೂರ್ತಿ ಮಳೆಗಾಲ. ಯಂತ್ರ ಜೋಡಣೆ ಸೂರಿನಡಿಯ ಕೆಲಸ, ಮಳೆ ಅಡ್ಡ ಬರುವುದಿಲ್ಲ. ಹಾಗಾಗಬೇಕಾದರೆ ಮಿರಗ ಮಳೆ ಬೀಳುವುದರೊಳಗೆ ಶೆಡ್ಡಿಗೆ ತಗಡು ಬಿದ್ದಿರಬೇಕು, ಲಾರಿ ಬರುವ ದಾರಿಗೆ ಗರಸು ಬಿದ್ದಿರಬೇಕು. ಎರೆ ಹಸಿಯಾದರೆ ಯಂತ್ರ ಹೊತ್ತ ಲಾರಿ ರಸ್ತೆಯಿಂದ ನೂರು ಮಾರು ಒಳಕ್ಕೆ ಬರಲಾರದು. ಮೇ ಕೊನೆಗೆ ಸೂರು ಎಂದರೆ ಸಂಕ್ರಾಂತಿಗೆ ಪಾಯದ ಅಗೆತ. ಆಗ ಹೊಲ ಗಟ್ಟಿಯಾಗಿ ಲಾರಿ ತಡೆಯುತ್ತದೆ, ಮಣ್ಣು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಬಿಸಿಲೂ ಹದವಾಗಿರುತ್ತದೆ. ಸಂಕ್ರಾಂತಿಗೆ ಅಗೆಯಬೇಕಾದರೆ ಪರವಾನಗಿ, ನಕ್ಷೆ, ಸಾಲದ ಮಂಜೂರಾತಿ ಎಲ್ಲ ಡಿಸೆಂಬರಿಗೆ ಕೈಯಲ್ಲಿರಬೇಕು. ಅಂದರೆ ಈ ಯುಗಾದಿಯಿಂದ ಡಿಸೆಂಬರ್‌ವರೆಗಿನ ಕಾಲ ಪೂರ್ತಿ ಕಾಗದದ ಕೆಲಸಕ್ಕೆ. ನಿಮ್ಮ ಮನೆಯವರು ಲೆಕ್ಕ ಹಾಕಿದ ದೀಪಾವಳಿಗೆ ಇದು ಆಗುವುದಿಲ್ಲ, ಅದರ ಮುಂದಿನ ದೀಪಾವಳಿಗೆ ಆಗುತ್ತದೆ.

ಒಂದು ವರ್ಷ ತಡವಾಯಿತಲ್ಲ ಎಂದು ಭಾವನವರು ಕೇಳುತ್ತಾರೆ. ತದಿಗೆಗೆ ಪಾಯ ತೆಗೆದರೆ ಮಿರಗಕ್ಕೆ ಉಳಿಯುವುದು ಕೆಲವೇ ವಾರ. ಅರ್ಧ ತುಂಬಿದ ಪಾಯದಲ್ಲಿ ನೀರು ನಿಲ್ಲುತ್ತದೆ, ಕೆಲಸ ದಸರೆಗೆ ಹೋಗುತ್ತದೆ, ಸುಗ್ಗಿ ತಪ್ಪುತ್ತದೆ. ಆಗಲೂ ಮಿಲ್ ಓಡುವುದು ಮುಂದಿನ ವರ್ಷವೇ, ಆದರೆ ಅಷ್ಟರಲ್ಲಿ ಸಾಲ ಎತ್ತಿರುತ್ತೀರಿ. ಎರಡೂವರೆ ಕೋಟಿ ಸಾಲಕ್ಕೆ ನೂರಕ್ಕೆ ಹತ್ತರ ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ 25 ಲಕ್ಷ. ಕಂಪನಿಯವರು ಮುಂಗಡವಾಗಿ ಕೇಳುತ್ತಿರುವಷ್ಟೇ ಹಣ ಒಂದು ಚೀಲ ಅಕ್ಕಿಯನ್ನೂ ಕೊಡದೆ ಹೋಗುತ್ತದೆ. ಇದನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದು ಭಾವನವರ ಮುಂದಿಡಿ, ವ್ಯಾಪಾರಸ್ಥರು ಬಡ್ಡಿಯ ಮಾತನ್ನು ಬೇಗ ಕೇಳುತ್ತಾರೆ.

ತದಿಗೆಯ ಪೂಜೆಯನ್ನು ಬಿಡಬೇಕಿಲ್ಲ. ಬಸವ ಜಯಂತಿಯೂ ಅಂದೇ, ಮಾವನವರ ಮನಸ್ಸಿಗೆ ಅದು ಬೇಕು. ಆ ದಿನ ಗುದ್ದಲಿ ಪೂಜೆ ಮಾಡಿ ಮಣ್ಣು ಪರೀಕ್ಷೆಯ ಮೊದಲ ಗುಂಡಿಯನ್ನೇ ತೋಡಿಸಿ. ಶಾಸ್ತ್ರವೂ ಆಯಿತು, ಕೆಲಸವೂ ಆಯಿತು.

ಬೇಸಿಗೆಯ ಕಾಂಕ್ರೀಟ್ ಬಗ್ಗೆ ಒಂದು ಎಚ್ಚರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಈಗ ಅಂಗಡಿಯಲ್ಲಿ ಹೆಚ್ಚು ಸಿಗುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಒಣ, ಬಿಸಿ ಹವೆಯಲ್ಲಿ ಅದಕ್ಕೆ 14 ದಿನ ಬಿಡದೆ ನೀರುಣಿಸಬೇಕೆಂದು ಐಎಸ್ 456 ಹೇಳುತ್ತದೆ. ಗುತ್ತಿಗೆದಾರರು ಮೂರು ನಾಲ್ಕು ದಿನಕ್ಕೆ ಕೈಬಿಡುವುದೇ ಹೆಚ್ಚು. ಬೇಸಿಗೆಯಲ್ಲಿ ಕಾಲುವೆ ಬಂದ್ ಇರುತ್ತದೆ, ಸವಳು ಬೋರಿನ ನೀರು ಕಬ್ಬಿಣಕ್ಕೆ ಹಾನಿ. ಆದ್ದರಿಂದ ಪಾಯಕ್ಕಿಂತ ಮೊದಲು ಕಾಲುವೆ ನೀರು ತುಂಬಿಡುವ ಹೊಂಡ ಅಥವಾ ತೊಟ್ಟಿ ಕಟ್ಟಿಸಿ. ಮುಂದೆ ಮಿಲ್ಲಿಗೂ, ಬೆಂಕಿ ಬಿದ್ದಾಗ ಆರಿಸಲೂ ಅದೇ ಬೇಕು. ಪಾಯದ ಕಾಂಕ್ರೀಟ್ ಗಟ್ಟಿಯಾಗುವ ದಿನಗಳಲ್ಲೇ ಶೆಡ್ಡಿನ ಉಕ್ಕಿನ ಕಂಬ, ಟ್ರಸ್‌ಗಳು ಬೇರೆಡೆ ತಯಾರಾಗುತ್ತಿರಲಿ, ಒಂದರ ಹಿಂದೆ ಒಂದು ಕಾಯಬೇಕಿಲ್ಲ. ವೇಗ ಬೇಕೆಂದರೆ ಇಂಥಲ್ಲಿ ಹುಡುಕಬೇಕು. ಶಕ್ತಿನಗರದ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರದ ಹಾರುಬೂದಿ ಹತ್ತಿರವೇ ಇರುವುದರಿಂದ ಬೂದಿ ಇಟ್ಟಿಗೆಯೂ ನಮ್ಮ ಜಿಲ್ಲೆಯಲ್ಲಿ ಸಿಗುತ್ತದೆ, ಗೋಡೆಗೆ ಅದನ್ನು ವಿಚಾರಿಸಿ.

ಯಂತ್ರದ ವಿಷಯಕ್ಕೆ ಬರೋಣ. ಕಟ್ಟಡ ಕಟ್ಟಿ ಆಮೇಲೆ ಯಂತ್ರ ಒಳಗಿಡುವುದು ಮಿಲ್ಲಿನಲ್ಲಿ ನಡೆಯುವುದಿಲ್ಲ. ಕಲ್ಲು ಬೇರ್ಪಡಿಸುವ ಯಂತ್ರ, ರಬ್ಬರ್ ಶೆಲ್ಲರ್, ಪಾಲಿಷರ್, ಕಲರ್ ಸಾರ್ಟರ್ ಎಲ್ಲಕ್ಕೂ ಮೇಲಿಂದ ಕೆಳಗೆ ಭತ್ತ ಹರಿಯುವ ಎತ್ತರ ಬೇಕು. ಯಾವುದರ ಭಾರ ಎಲ್ಲಿ ಬೀಳುತ್ತದೆ, ಯಾವುದು ಎಷ್ಟು ನಡುಗುತ್ತದೆ ಎಂಬ ಫೌಂಡೇಶನ್ ಡ್ರಾಯಿಂಗ್ ಕೈಗೆ ಬಂದ ಮೇಲೆಯೇ ಇಂಜಿನಿಯರ್ ಕಂಬದ ಜಾಗ ಗುರುತಿಸಬೇಕು. ನಡುಗುವ ಯಂತ್ರಗಳ ಪೀಠ ಕಟ್ಟಡದ ಪಾಯಕ್ಕೆ ಅಂಟದೆ ಬೇರೆಯೇ ಇರಲಿ. ಕಾಲುವೆ ಸೀಮೆಯಲ್ಲಿ ಭತ್ತದ ಗದ್ದೆಯ ಪಕ್ಕ ಎಲಿವೇಟರ್ ಗುಂಡಿ ತೋಡಿದರೆ ಒರತೆ ನೀರು ತುಂಬುತ್ತದೆ, ನೀರು ಜಿನುಗದಂತೆ ಅದನ್ನು ಮೊದಲೇ ವಿನ್ಯಾಸ ಮಾಡಿಸಿ. ಆದ್ದರಿಂದ ಕಂಪನಿಯವರಿಗೆ ಹೀಗೆ ಹೇಳಿ: ಮೊದಲು ಡ್ರಾಯಿಂಗ್‌ಗೆ ಸಣ್ಣ ಮೊತ್ತ, ಸಾಲ ಮಂಜೂರಾದ ಮೇಲೆ ಮುಂಗಡ, ಅದೂ ಬ್ಯಾಂಕಿನಿಂದಲೇ ನೇರ. ರಿಯಾಯಿತಿ ತಪ್ಪುತ್ತದೆ ಎಂದು ಹೆದರಬೇಡಿ. ಯಂತ್ರ ಮಾರುವವರು ಮುಂದಿನ ಯುಗಾದಿಗೂ ಬರುತ್ತಾರೆ.

ಎಷ್ಟು ಟನ್ನಿನ ಮಿಲ್ ಎಂಬುದನ್ನು ಯಾರು ನಿರ್ಧರಿಸಿದರು? ನಿಮ್ಮ ಪತ್ರದಲ್ಲಿ ಅದಿಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಇಲ್ಲೇ. ತಾಸಿಗೆ ನಾಲ್ಕು ಟನ್, ದಿನಕ್ಕೆ ಹತ್ತು ತಾಸು ಎಂದರೆ 40 ಟನ್. ವರ್ಷಕ್ಕೆ 300 ದಿನ ಓಡಿದರೆ 12,000 ಟನ್, 75 ಕೆ.ಜಿ. ಚೀಲದ ಲೆಕ್ಕದಲ್ಲಿ 1,60,000 ಚೀಲ ಭತ್ತ. ಎಕರೆಗೆ 40 ಚೀಲ ಹಿಡಿದರೂ 4,000 ಎಕರೆಯ ಬೆಳೆ ನಿಮ್ಮ ಒಂದೇ ಮಿಲ್ಲಿಗೆ ಬೇಕು. ಭಾವನವರ ಅಂಗಡಿಗೆ ಈಗ ವರ್ಷಕ್ಕೆ ಎಷ್ಟು ಚೀಲ ಬರುತ್ತದೆ? ಆ ಪುಸ್ತಕ ನಿಮ್ಮ ಕೈಯಲ್ಲೇ ಇದೆ, ತೆಗೆದು ನೋಡಿ.

ಆ ಭತ್ತವಾದರೂ ಪ್ರತಿ ವರ್ಷ ಎರಡು ಬೆಳೆ ಬರುತ್ತದೆ ಎಂದು ಹಿಡಿಯುವಂತಿಲ್ಲ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಕಡೆಗೆ ಬರುವ ಹೊತ್ತಿಗೆ ನೀರು ಎಷ್ಟು ಉಳಿಯುತ್ತದೆ ಎಂಬುದಕ್ಕೆ ಕೊನೆಯಂಚಿನ ರೈತರ ಹೋರಾಟಗಳೇ ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಮಾನ್ವಿಯ ಮನೆಮನೆಯಲ್ಲಿ ಎಂಥ ಆತಂಕ ಇತ್ತೆಂದು ನಿಮಗೇ ಗೊತ್ತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿ ನೀರು ಉಳಿಸಿಕೊಂಡದ್ದು ಪುಣ್ಯ. ಎರಡನೇ ಬೆಳೆಗೆ ನೀರು ಇದೆಯೋ ಇಲ್ಲವೋ ಎಂಬುದನ್ನು ಆಯಾ ವರ್ಷದ ನೀರಾವರಿ ಸಲಹಾ ಸಮಿತಿ ಸಭೆ ಹೇಳುತ್ತದೆ. ಒಂದೇ ಬೆಳೆ ಬಂದ ವರ್ಷದಲ್ಲೂ ಸಾಲದ ಕಂತು ಕಟ್ಟಲಾಗುವಷ್ಟು ದೊಡ್ಡ ಮಿಲ್ ಮಾತ್ರ ಕಟ್ಟಿ. ನನ್ನ ಅಭಿಪ್ರಾಯದಲ್ಲಿ ಎರಡು ಟನ್ನಿನಿಂದ ಶುರು ಮಾಡಿ, ಜಾಗ ಮತ್ತು ಶೆಡ್ಡನ್ನು ನಾಲ್ಕು ಟನ್ನಿಗೆ ಬೆಳೆಯುವಂತೆ ಬಿಟ್ಟುಕೊಳ್ಳುವುದು ಲೇಸು.

ಮೂರೂವರೆ ಕೋಟಿಯ ಆ ಹಾಳೆಯಲ್ಲಿ ಭತ್ತ ಕೊಳ್ಳುವ ಹಣ ಸೇರಿದೆಯೇ? ಸೇರಿರಲಾರದು ಎಂಬುದು ನನ್ನ ಊಹೆ. 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ದರದಲ್ಲೇ ಲೆಕ್ಕ ಹಾಕಿದರೂ 40 ಟನ್ನಿಗೆ, ಅಂದರೆ ಒಂದು ದಿನಕ್ಕೆ, ಒಂಬತ್ತೂವರೆ ಲಕ್ಷ. ಇಪ್ಪತ್ತೈದು ದಿನಕ್ಕೆ ಎರಡು ಕೋಟಿ 37 ಲಕ್ಷ. ಅಕ್ಕಿ ಮಾರಿ ಹಣ ತಿರುಗಿ ಬರುವವರೆಗೆ ಇಷ್ಟು ದುಡ್ಡು ಕೈಯಲ್ಲಿ ಆಡಬೇಕು. ಕಟ್ಟಡಕ್ಕೇ ಎಲ್ಲ ಸುರಿದು, ಬಂಗಾರವನ್ನೂ ಮುಂಗಡಕ್ಕೆ ಇಟ್ಟು, ಭತ್ತ ಕೊಳ್ಳಲು ಹಣವಿಲ್ಲದೆ ಬೀಗ ಬಿದ್ದ ಮಿಲ್ಲುಗಳು ಎಷ್ಟೋ ಇವೆ. ಬ್ಯಾಂಕಿನಲ್ಲಿ ಅವಧಿ ಸಾಲದ ಜೊತೆಗೇ ದುಡಿಯುವ ಬಂಡವಾಳದ ಸಾಲವನ್ನೂ ಮಂಜೂರು ಮಾಡಿಸಿಕೊಳ್ಳಿ. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಪಾಯಕ್ಕೆ ಕೈಹಾಕಬೇಡಿ.

ಅದಕ್ಕೇ ಈ ವರ್ಷದ ಬಿಡುವಿನಲ್ಲಿ ಭಾವನವರಿಗೂ ಒಪ್ಪಿಗೆಯಾಗಬಹುದಾದ ಒಂದು ಕೆಲಸ ಹೇಳುತ್ತೇನೆ. ಬರುವ ಸುಗ್ಗಿಗೆ ಸುತ್ತಮುತ್ತ ನಿಂತಿರುವ ಒಂದು ಸಣ್ಣ ಮಿಲ್ಲನ್ನು ಒಂದು ಹಂಗಾಮಿಗೆ ಲೀಜಿಗೆ ಹಿಡಿಯಿರಿ. ನೂರು ಕಿಲೋ ಭತ್ತಕ್ಕೆ ಅಕ್ಕಿ 65ರಿಂದ 68 ಬರುತ್ತದೆ ಎನ್ನುವುದು ಕಾಗದದ ಮಾತು. ನಿಮ್ಮ ಕೈಯಲ್ಲಿ ಎಷ್ಟು ಬಂತು, ನುಚ್ಚೆಷ್ಟು, ತೌಡೆಷ್ಟು, ಕರೆಂಟ್ ಬಿಲ್ ಎಷ್ಟು, ಹಮಾಲಿ ಎಷ್ಟು, ಅಕ್ಕಿ ಕೊಂಡವರು ಎಷ್ಟು ದಿನಕ್ಕೆ ಹಣ ಕೊಟ್ಟರು ಎಂಬುದನ್ನು ನೀವೇ ಬರೆದಿಡಿ. ಆ ಒಂದು ಹಂಗಾಮಿನ ಪುಸ್ತಕ ಮಿಲ್ ಎಷ್ಟು ದೊಡ್ಡದಿರಬೇಕು, ಸ್ಟೀಮ್ ಅಕ್ಕಿಯೋ ಕುಚ್ಚಲಕ್ಕಿಯೋ ಎಂಬುದನ್ನು ಯಾವ ಸಲಹೆಗಾರನಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ. ಕುಚ್ಚಲಕ್ಕಿಯಾದರೆ ಕಿಲೋ ಭತ್ತಕ್ಕೆ ಸುಮಾರು ಒಂದೂಕಾಲು ಲೀಟರ್ ನೀರು, 40 ಟನ್ನಿಗೆ ದಿನಕ್ಕೆ 50,000 ಲೀಟರ್. ನೆನೆಸಿದ ನೀರು ನಾರುತ್ತದೆ, ಅದನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಡುವಂತಿಲ್ಲ. ಸವಳು ನೀರಿನಿಂದ ಬಾಯ್ಲರ್ ಕೊಳವೆಗೆ ಸುಣ್ಣ ಕಟ್ಟುತ್ತದೆ, ನೀರು ಮೆದು ಮಾಡುವ ಯಂತ್ರ ಬೇಕು. ಇದೆಲ್ಲಕ್ಕೂ ಜಾಗ ಮೊದಲೇ ನಕ್ಷೆಯಲ್ಲಿ ಇರಬೇಕು.

ನಕ್ಷೆ ಮಾಡಿಸುವಾಗ ಗಾಳಿಯನ್ನೂ ಕೇಳಿ. ಸಿಂಧನೂರು ರಸ್ತೆ ಎಂದರೆ ಮಾನ್ವಿಗೆ ನೈಋತ್ಯ ದಿಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದು ಅದೇ ದಿಕ್ಕಿನಿಂದ, ಊರಿನ ಕಡೆಗೆ. ದಿನಕ್ಕೆ 40 ಟನ್ ಅರೆದರೆ ಎಂಟು ಟನ್ ಹೊಟ್ಟು ಬರುತ್ತದೆ. ಅದನ್ನೆಲ್ಲ ಸುಟ್ಟರೆ ಒಂದೂವರೆ ಟನ್ನಿನಷ್ಟು ಬೂದಿ. ಹೊಟ್ಟಿಗೆ ಮುಚ್ಚಿದ ಕೋಣೆ, ಹೊಗೆಕೊಳವೆಗೆ ಧೂಳು ಹಿಡಿಯುವ ಸಾಧನ, ಬೂದಿಗೆ ನೀರು ಚಿಮುಕಿಸುವ ಗುಂಡಿ ಮೊದಲ ದಿನದಿಂದಲೇ ಇರಲಿ. ಊರ ಮಕ್ಕಳ ಕಣ್ಣಿಗೆ ಬೂದಿ ಬೀಳಿಸಿ ಗಳಿಸಿದ ಹಣ ನಿಮ್ಮ ಮನೆತನಕ್ಕೆ ಬೇಡ. ಹೊಟ್ಟಿನ ಕೋಣೆಯೂ ಗೋಣಿಚೀಲದ ಗೋಡೌನೂ ದೂರ ದೂರ ಇರಲಿ, ಬೆಂಕಿಯ ಭಯ. ಭತ್ತದ ಲಾರಿ ಒಂದು ಬಾಗಿಲಿನಿಂದ ಬಂದು ವೇಬ್ರಿಜ್ ಹತ್ತಿ, ಅಕ್ಕಿಯ ಲಾರಿ ಅದಕ್ಕೆ ಅಡ್ಡಬರದೆ ಹೊರಹೋಗುವ ಹಾಗೆ ದಾರಿ ಗುರುತಿಸಿ. ಹಮಾಲರಿಗೆ ನೆರಳು, ಕುಡಿಯುವ ನೀರು, ಅಂಗಳದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಶೌಚಾಲಯ ನಕ್ಷೆಯಲ್ಲೇ ಇರಬೇಕು. ಹಣ ಉಳಿದರೆ ಆಮೇಲೆ ಎಂದವರು ಕಟ್ಟಿಸಿದ್ದನ್ನು ನಾನು ನೋಡಿಲ್ಲ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದೆ ದೂರ ಹೋಗಬೇಕು, ಬುಡದ ಸುತ್ತ ಅಗಲವಾದ ಕಾಂಕ್ರೀಟ್ ಪಟ್ಟಿ ಬೇಕು. ಎರೆ ನೆಲದಲ್ಲಿ ಗೋಡೆಯ ಹತ್ತಿರ ಬೇವು, ಆಲದಂಥ ದೊಡ್ಡ ಮರ ನೆಟ್ಟರೆ ಬೇರು ತೇವ ಹೀರಿ ನೆಲ ಕುಸಿಯುತ್ತದೆ. ಮರಗಳನ್ನು ಕಾಂಪೌಂಡಿನ ಅಂಚಿಗೆ ಹಾಕಿ.

ಪರವಾನಗಿಗಳ ಬಗ್ಗೆ ಚಿಕ್ಕದಾಗಿ. ರಾಯಚೂರಿನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಮೊದಲು ಹೋಗಿ. 15 ಕೋಟಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯ ಮುಂದೆ ಬರುತ್ತವೆ. ಹೊಲದ ಪಹಣಿ ಯಾರ ಹೆಸರಿನಲ್ಲಿದೆ, ಅದು ಹಿಂದೆ ಪರಿಶಿಷ್ಟರಿಗೆ ಮಂಜೂರಾದ ಜಮೀನು ಅಲ್ಲವಷ್ಟೇ ಎಂದು ಖಚಿತ ಮಾಡಿಕೊಳ್ಳಿ. ಅಂಥ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಕಟ್ಟಿದ ಮೇಲೂ ಕೈತಪ್ಪಬಹುದು. ಭೂ ಪರಿವರ್ತನೆಯ ನಿಯಮಗಳಿಗೆ ಆಗಾಗ ತಿದ್ದುಪಡಿ ಆಗುತ್ತದೆ, ತಹಶೀಲ್ದಾರ್ ಕಚೇರಿಯಲ್ಲಿ ಈಗಿನ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ನಕ್ಷೆ ಒಪ್ಪಿಗೆ, ಎರಡೂ ಕಟ್ಟುವ ಮೊದಲಿನ ಕಾಗದಗಳು. ಜೆಸ್ಕಾಂಗೆ ಅರ್ಜಿಯನ್ನು ಇವುಗಳ ಜೊತೆಗೇ ಹಾಕಿ. ಲೈನು ಎಳೆದು ಟ್ರಾನ್ಸ್‌ಫಾರ್ಮರ್ ಕೂಡಿಸಲು ತಿಂಗಳುಗಳೇ ಹಿಡಿಯುತ್ತವೆ, ಕಟ್ಟಡ ಮುಗಿದ ಮೇಲೆ ಕರೆಂಟಿಗೆ ಕಾಯುವ ಸ್ಥಿತಿ ಬರಬಾರದು.

ಸರ್ಕಾರದ ನೆರವೂ ಇದೆ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ನೂರಕ್ಕೆ ಮೂರರ ಬಡ್ಡಿ ರಿಯಾಯಿತಿ ಸಿಗುತ್ತದೆ. ಕಿರು ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35, ಜೊತೆಗೆ ರಾಜ್ಯದ ಶೇ 15 ಸೇರಿ 15 ಲಕ್ಷದವರೆಗೆ ಸಹಾಯಧನವಿದೆ. ನಿಮ್ಮ ಘಟಕ ಆ ಗಾತ್ರಕ್ಕೆ ಹೊಂದುತ್ತದೆಯೇ, ಯೋಜನೆಯ ಅವಧಿ ಚಾಲ್ತಿಯಲ್ಲಿದೆಯೇ ಎಂದು ಅರ್ಜಿಗೆ ಮುಂಚೆ ಕೇಳಿ. ಮಂಜೂರಾತಿಗೆ ಮೊದಲೇ ನೀವು ಕೈಯಿಂದ ಕೊಟ್ಟ ಮುಂಗಡ ಇಂಥ ಯಾವ ಲೆಕ್ಕಕ್ಕೂ ಸೇರುವುದು ಕಷ್ಟ. ಯುಗಾದಿಯ 25 ಲಕ್ಷ ಬೇಡ ಎನ್ನಲು ಇದೂ ಒಂದು ಕಾರಣ. ಯಂತ್ರ, ಸಂಸ್ಕರಣೆಯ ವಿಷಯಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಸಂಸ್ಕರಣೆ ಮತ್ತು ಆಹಾರ ತಂತ್ರಜ್ಞಾನದ ವಿಭಾಗವಿದೆ. ಯಾವ ಕಂಪನಿಯ ಪರವೂ ಅಲ್ಲದ ಮಾತು ಅಲ್ಲಿ ಸಿಗುತ್ತದೆ, ಹೋಗಿ ಬನ್ನಿ.

ರೈಲು ಬರುತ್ತದೆ, ಜಾಗಕ್ಕೆ ಬೆಲೆ ಬರುತ್ತದೆ ಎಂದು ಯಾರಾದರೂ ಅವಸರ ಮಾಡಿಸಿದರೆ ಅದನ್ನೂ ಲೆಕ್ಕದಿಂದ ಹೊರಗಿಡಿ. ಗಿಣಿಗೇರಾ–ರಾಯಚೂರು ಮಾರ್ಗ ಸೇರಿರುವ ಮುನಿರಾಬಾದ್–ಮಹಬೂಬ್‌ನಗರ ಯೋಜನೆ ಮಂಜೂರಾದದ್ದು 1997-98ರಲ್ಲಿ, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಲಾರಿ ಬಾಡಿಗೆ ಹಿಡಿದೇ ನಿಮ್ಮ ಲಾಭ ನಷ್ಟ ನೋಡಿಕೊಳ್ಳಿ.

ಬಂಗಾರದ ಮಾತು ಕೊನೆಗೆ. ಅದು ನಿಮ್ಮದು ಮತ್ತು ನೆಗೆಣ್ಣಿಯದು, ಕೊಡುವುದು ಬಿಡುವುದು ನಿಮ್ಮಿಬ್ಬರ ಇಷ್ಟ. ಕೊಡಲು ಮನಸ್ಸಿದ್ದರೂ ಮೊದಲ ದುಡ್ಡಾಗಿ ಕೊಡಬೇಡಿ. ಮಣ್ಣಿನ ವರದಿ, ಪರವಾನಗಿ, ಎರಡೂ ಸಾಲಗಳ ಮಂಜೂರಾತಿ ಪತ್ರ ಮೇಜಿನ ಮೇಲೆ ಬಂದ ಮೇಲೂ ಕೊರತೆ ಬಿದ್ದರೆ ಆಗ ಯೋಚಿಸಿ. ಕೊಡುವುದಾದರೆ ಪಾಲುದಾರಿಕೆ ಪತ್ರದಲ್ಲಿ ನಿಮ್ಮಿಬ್ಬರ ಹೆಸರು, ಪಾಲು ಬರೆಸಿಯೇ ಕೊಡಿ. ಇದನ್ನು ಕೇಳಲು ಸಂಕೋಚ ಬೇಡ, ಸಾಲ ಕೊಡುವ ಬ್ಯಾಂಕೂ ಇದನ್ನೇ ಕೇಳುತ್ತದೆ. ನೆಗೆಣ್ಣಿಯ ಜೊತೆ ಮೊದಲು ಮಾತಾಡಿ, ಇಬ್ಬರೂ ಒಂದೇ ಮಾತು ಆಡಿದರೆ ಮನೆಯಲ್ಲಿ ಅದಕ್ಕೆ ತೂಕ ಹೆಚ್ಚು.

ಮಾವನವರಿಗೆ ಈ ಉತ್ತರವನ್ನು ನೀವೇ ಓದಿ ಹೇಳಿ. ಯಂತ್ರದ ಕರಾರು ಪತ್ರ ಬಂದರೆ ಸಹಿಗೆ ಮುಂಚೆ ಒಂದು ಪ್ರತಿಯನ್ನು, ಮಣ್ಣಿನ ವರದಿ ಬಂದಾಗ ಅದರದೂ ಒಂದು ಪ್ರತಿಯನ್ನು ನನಗೆ ಕಳಿಸಿ, ಓದಿ ಬರೆಯುತ್ತೇನೆ.